ಶುಗರ್, ಬಿಪಿ, ಕಿಡ್ನಿ ಎಲ್ಲ ಒಟ್ಟಿಗೆ ಇದ್ದಾಗ ಹಿರಿಯರ ಊಟ-ನೀರು ಹೊಂದಿಸುವುದು ಹೇಗೆ?

ವಯಸ್ಸಾದವರ ಊಟದ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: "ಏನೇನು ತಿನ್ನಬಾರದು, ಒಂದು ಪಟ್ಟಿ ಕೊಡಿ." ಶುಗರ್‌ಗೆ ಒಂದು ಪಟ್ಟಿ ಸಿಗುತ್ತದೆ, ಬಿಪಿಗೆ ಇನ್ನೊಂದು, ಕಿಡ್ನಿಗೆ ಮತ್ತೊಂದು, ಯೂರಿಕ್ ಆ್ಯಸಿಡ್‌ಗೆ ನೆಂಟರು ಮೊಬೈಲಿಗೆ ಕಳಿಸಿದ್ದು ಬೇರೆ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶುಗರ್ ಪಟ್ಟಿ ಅನ್ನ ಕಡಿಮೆ ಮಾಡಿ ಬೇಳೆಕಾಳು ಜಾಸ್ತಿ ತಿನ್ನಿ ಅನ್ನುತ್ತದೆ. ಕಿಡ್ನಿ ಪಟ್ಟಿ ಬೇಳೆಕಾಳು ಬೇಡ ಅನ್ನುತ್ತದೆ. ಬಿಪಿ ಪಟ್ಟಿ ಬಾಳೆಹಣ್ಣು ಒಳ್ಳೆಯದು ಅಂದರೆ ಶುಗರ್ ಮತ್ತು ಕಿಡ್ನಿ ಎರಡೂ ಸೇರಿ ಅದನ್ನು ಹೊಡೆದುಹಾಕುತ್ತವೆ. ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಸಪ್ಪೆ ಅನ್ನ, ಬೇಯಿಸಿದ ಸೋರೆಕಾಯಿ. ಕೆಲವೇ ತಿಂಗಳಲ್ಲಿ ಬಟ್ಟೆ ಸಡಿಲ ಆಗುತ್ತದೆ, ಕುರ್ಚಿಯಿಂದ ಏಳಲು ಕೈ ಊರಬೇಕಾಗುತ್ತದೆ. ಆಗ ಮನೆಯವರು "ವಯಸ್ಸಾಯ್ತಲ್ವಾ" ಅಂತ ಸುಮ್ಮನಾಗುತ್ತಾರೆ.

ಪ್ರತಿ ಪಟ್ಟಿಯೂ ಅದರ ಮಟ್ಟಿಗೆ ಸರಿಯೇ ಇರಬಹುದು. ಎಡವಟ್ಟಾಗುವುದು ಯಾವ ಕಾಯಿಲೆ ಮುಂದೆ, ಯಾವುದು ಹಿಂದೆ ಅಂತ ನೋಡದೆ ಎಲ್ಲವನ್ನೂ ಒಂದೇ ದಿನ ಶುರು ಮಾಡುವುದರಿಂದ. 40ರ ವಯಸ್ಸಿನಲ್ಲಿ ಸ್ವಲ್ಪ ಕಡಿಮೆ ತಿಂದರೆ ಬಹಳಷ್ಟು ಸಲ ಲಾಭವೇ. 75ರಲ್ಲಿ ಹಾಗಲ್ಲ. ಆ ವಯಸ್ಸಿನಲ್ಲಿ ಕಳೆದುಕೊಂಡ ಮಾಂಸಖಂಡ ಸುಲಭಕ್ಕೆ ವಾಪಸ್ ಬರುವುದಿಲ್ಲ. ಅದಕ್ಕೇ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ, ಮಧ್ಯದಿಂದ ಶುರು ಮಾಡಬೇಡಿ.

## ಶುರು ಮಾಡುವ ಮೊದಲು ಕೈಗೆ ಸಿಗಬೇಕಾದ ಸಾಮಾನು

ದೇಹದ ತೂಕ ನೋಡುವ ಒಂದು ಮಷಿನ್ ಬೇಕೇ ಬೇಕು. ಈ ಕೆಲಸಕ್ಕೆ ಅದಕ್ಕಿಂತ ಉಪಯೋಗದ ವಸ್ತು ಇನ್ನೊಂದಿಲ್ಲ. ಅಡುಗೆಮನೆಯ ಚಿಕ್ಕ ತಕ್ಕಡಿ, ಮಿಲಿಲೀಟರ್ ಗುರುತು ಇರುವ ಒಂದು ಜಗ್ ಅಥವಾ ಬಾಟಲಿ, ಅಳತೆಯ ಟೀ ಚಮಚ, ಬಿಪಿ ಮಷಿನ್, ಶುಗರ್ ಇದ್ದವರಿಗೆ ಗ್ಲುಕೋಮೀಟರ್. ಜೊತೆಗೆ ಒಂದು ನೋಟ್‌ಬುಕ್. ಮೊಬೈಲ್ ಆ್ಯಪ್ ಬೇಡ ಅಂತಲ್ಲ, ಆದರೆ ಡಾಕ್ಟರ್ ಮುಂದೆ ಬಿಚ್ಚಿ ತೋರಿಸಲು ಪುಸ್ತಕವೇ ಸಲೀಸು. ಮನೆಯಲ್ಲಿ ಯಾರು ಬೇಕಾದರೂ ಅದರಲ್ಲಿ ಬರೆಯಬಹುದು.

## ಹಂತ 1: ಮಾತ್ರೆಗಳನ್ನೆಲ್ಲ ಟೇಬಲ್ ಮೇಲೆ ಸುರಿಯಿರಿ

ಊಟದ ಪ್ಲಾನ್‌ಗೂ ಮಾತ್ರೆಗೂ ಏನು ಸಂಬಂಧ ಅಂತ ಕೇಳುವವರೇ ಜಾಸ್ತಿ. ಸಂಬಂಧ ತುಂಬಾ ಇದೆ. ಹಿರಿಯರಲ್ಲಿ ಯಾವ ಆಹಾರ ಅಪಾಯ ಅನ್ನುವುದನ್ನು ಬಹಳ ಸಲ ಕಾಯಿಲೆಗಿಂತ ಅವರು ನುಂಗುವ ಮಾತ್ರೆಯೇ ನಿರ್ಧರಿಸುತ್ತದೆ.

ಎಲ್ಲ ಮಾತ್ರೆ, ಟಾನಿಕ್, ಪುಡಿ, ಗಿಡಮೂಲಿಕೆ ಔಷಧಿ, ನೋವಿನ ಮಾತ್ರೆ ಹೊರಗೆ ತೆಗೆಯಿರಿ. ಡಬ್ಬದ ಮೇಲಿನ ಕಂಪನಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಔಷಧಿಯ ಹೆಸರನ್ನು ಬರೆದುಕೊಳ್ಳಿ. ಇವುಗಳಲ್ಲಿ ಯಾವುದಾದರೂ ಇದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ:

- ರಾಮಿಪ್ರಿಲ್, ಎನಲಪ್ರಿಲ್, ಟೆಲ್ಮಿಸಾರ್ಟನ್, ಲೊಸಾರ್ಟನ್, ಸ್ಪೈರೊನೊಲ್ಯಾಕ್ಟೋನ್: ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲವು.
- ಫ್ಯುರೊಸೆಮೈಡ್, ಹೈಡ್ರೊಕ್ಲೊರೊಥಯಾಝೈಡ್‌ನಂಥ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ: ನೀರು, ಸೋಡಿಯಂ, ಪೊಟ್ಯಾಸಿಯಂ ಕಡಿಮೆ ಮಾಡಬಲ್ಲವು.
- ಗ್ಲಿಮೆಪಿರೈಡ್, ಗ್ಲಿಕ್ಲಝೈಡ್, ಇನ್ಸುಲಿನ್: ಊಟ ತಪ್ಪಿದರೆ ಶುಗರ್ ಕುಸಿಯುತ್ತದೆ.
- ಮೆಟ್‌ಫಾರ್ಮಿನ್: ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು.
- ವಾರ್ಫರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ): ಸೊಪ್ಪಿನ ಲೆಕ್ಕ ಏರುಪೇರಾಗಬಾರದು.

ಪಟ್ಟಿ ನೋಡಿ ಹೆದರಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಇದು ಊಟ ಹೊಂದಿಸಲು ಬೇಕಾದ ಮಾಹಿತಿ, ಅಷ್ಟೇ.

## ಹಂತ 2: ರಿಪೋರ್ಟ್ ನೋಡಿ, ಯಾವುದು ಮುಂದೆ ಅಂತ ತೀರ್ಮಾನಿಸಿ

ಈಚಿನ ರಕ್ತ ಪರೀಕ್ಷೆಯ ರಿಪೋರ್ಟ್ ಹುಡುಕಿ. ಬೇಕಾದದ್ದು ಕ್ರಿಯಾಟಿನಿನ್ (ಮಾಂಸಖಂಡದಿಂದ ಬಂದು ಕಿಡ್ನಿ ಹೊರಹಾಕುವ ಕಸ) ಮತ್ತು ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು), ಸೋಡಿಯಂ, ಪೊಟ್ಯಾಸಿಯಂ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್), ಹಿಮೋಗ್ಲೋಬಿನ್, ಬಿ12. ಕ್ರಿಯಾಟಿನಿನ್ ನಾರ್ಮಲ್ ಇದೆ, ಕಿಡ್ನಿ ಚೆನ್ನಾಗಿದೆ ಅಂದುಕೊಳ್ಳಬೇಡಿ. ಸಣಕಲು ಇರುವ ಹಿರಿಯರಲ್ಲಿ ಮಾಂಸಖಂಡವೇ ಕಡಿಮೆ ಇರುವುದರಿಂದ ಕ್ರಿಯಾಟಿನಿನ್ ಕಡಿಮೆಯೇ ಬರುತ್ತದೆ, ಕಿಡ್ನಿ ಮಾತ್ರ ಒಳಗೆ ಕುಂದಿರುತ್ತದೆ. ಇಜಿಎಫ್‌ಆರ್ ಮೂರು ತಿಂಗಳಿಗಿಂತ ಜಾಸ್ತಿ ಕಾಲ 60ಕ್ಕಿಂತ ಕಡಿಮೆ ಇದ್ದರೆ ಅದು ದೀರ್ಘಕಾಲದ ಕಿಡ್ನಿ ತೊಂದರೆಯ ಲೆಕ್ಕಕ್ಕೆ ಬರುತ್ತದೆ.

ಈಗ ಕಾಯಿಲೆಗಳನ್ನು ಸಾಲಾಗಿ ನಿಲ್ಲಿಸಿ. ನನ್ನ ಪ್ರಕಾರ ಸಾಲು ಹೀಗಿರಬೇಕು. ಎಲ್ಲಕ್ಕಿಂತ ಮುಂದೆ ನುಂಗುವ ತೊಂದರೆ. ಆಮೇಲೆ ತೂಕ ಇಳಿಯುತ್ತಿರುವುದು. ಮೂರನೆಯದು ಶುಗರ್ ತೀರಾ ಕೆಳಗೆ ಹೋಗುವುದು. ನಾಲ್ಕನೆಯದು ಹೃದಯ ದುರ್ಬಲವಾಗಿ ನೀರು ತುಂಬಿಕೊಳ್ಳುವುದು ಮತ್ತು ಪೊಟ್ಯಾಸಿಯಂ ಏರುವುದು. ಬಿಪಿ, ಜಾಸ್ತಿ ಶುಗರ್, ಯೂರಿಕ್ ಆ್ಯಸಿಡ್, ಕೊಲೆಸ್ಟರಾಲ್ ಇವೆಲ್ಲ ಅದರ ಹಿಂದೆ. ಸಾಲಿನ ಮೊದಲ ನಾಲ್ಕೂ ತೊಂದರೆಗಳು ಕೆಲವೇ ವಾರಗಳಲ್ಲಿ, ಕೆಲವು ಸಲ ದಿನಗಳಲ್ಲೇ ಹಾಸಿಗೆ ಹಿಡಿಸಬಲ್ಲವು. ಉಳಿದವು ನಿಧಾನಕ್ಕೆ ಕೆಡಿಸುವಂಥವು, ಒಂದೆರಡು ತಿಂಗಳು ಕಾದರೆ ಆಕಾಶ ಕಳಚಿ ಬೀಳುವುದಿಲ್ಲ. ಈ ಸಾಲನ್ನು ನಿಮ್ಮ ಡಾಕ್ಟರ್‌ಗೆ ತೋರಿಸಿ, "ಸದ್ಯಕ್ಕೆ ಯಾವ ಎರಡರ ಕಡೆ ಗಮನ ಕೊಡಲಿ?" ಅಂತ ಕೇಳಿ. "ಏನು ತಿನ್ನಬಹುದು?" ಅಂತ ಕೇಳಿದರೆ ಎಲ್ಲರಿಗೂ ಕೊಡುವ ಅದೇ ಪ್ರಿಂಟ್ ಕಾಗದ ಕೈಗೆ ಬರುತ್ತದೆ.

## ಹಂತ 3: ಮೂರು ದಿನ ಏನೂ ಬದಲಿಸದೆ ಸುಮ್ನೆ ಬರೆಯಿರಿ

ಎಲ್ಲರೂ ಹಾರಿಹೋಗುವ ಹಂತ ಇದು. ಈಗ ನಿಜವಾಗಿ ಎಷ್ಟು ತಿನ್ನುತ್ತಿದ್ದಾರೆ ಅನ್ನುವುದೇ ಗೊತ್ತಿಲ್ಲದೆ ಏನು ಕಡಿಮೆ ಮಾಡುತ್ತೀರಿ? ಮೂರು ದಿನ, ಅದರಲ್ಲಿ ಒಂದು ರಜಾ ದಿನ ಇರಲಿ. ಒಂದು ದಿನದ ಪುಟ ಹೀಗಿದ್ದರೆ ಸಾಕು:

"ಬೆಳಿಗ್ಗೆ 7 — ಟೀ ಅರ್ಧ ಲೋಟ, ಬಿಸ್ಕತ್ 3. 9:30 — ಬ್ರೆಡ್ 2, ಒಂದರ ಅಂಚು ಬಿಟ್ಟರು. 11 — ನೀರು ಎರಡು ಗುಟುಕು, ಮಾತ್ರೆ ಜೊತೆ. 1:30 — ಅನ್ನ ಒಂದು ಬಟ್ಟಲು, ತರಕಾರಿ ತಟ್ಟೆಯಲ್ಲೇ ಉಳಿಯಿತು. 4 — ಟೀ, ಬಿಸ್ಕತ್ 4. ರಾತ್ರಿ 8 — ಹಸಿವಿಲ್ಲ ಅಂದರು, ಹಾಲು ಅರ್ಧ ಲೋಟ."

ಈ ಪುಟವನ್ನು ಸ್ವಲ್ಪ ನಿಧಾನವಾಗಿ ಓದಿ. ಮನೆಯವರ ದೂರು "ಶುಗರ್ ಜಾಸ್ತಿ, ಸಿಹಿ ತಿನ್ನುತ್ತಾರೆ" ಅಂತ ಇರುತ್ತದೆ. ಪುಟ ಬೇರೆಯೇ ಹೇಳುತ್ತಿದೆ. ಇಡೀ ದಿನದಲ್ಲಿ ಪ್ರೋಟೀನ್ ಅಂತ ಇರುವುದು ಅರ್ಧ ಲೋಟ ಹಾಲು ಮಾತ್ರ. ದ್ರವ ಎಲ್ಲ ಸೇರಿದರೂ ಮುಕ್ಕಾಲು ಲೀಟರ್ ದಾಟುವುದಿಲ್ಲ. ಬಿಸ್ಕತ್ತೇ ಊಟ ಆಗಿಹೋಗಿದೆ. ಅವರ ಕೈಯಿಂದ ಬಿಸ್ಕತ್ ಕಿತ್ತುಕೊಂಡರೆ ಶುಗರ್ ಇಳಿಯಬಹುದು, ಜೊತೆಗೆ ಅವರೂ ಇಳಿದುಹೋಗುತ್ತಾರೆ.

ತಟ್ಟೆಗೆ ಹಾಕಿದ್ದನ್ನು ಬರೆಯಬೇಡಿ. ಹೊಟ್ಟೆಗೆ ಹೋದದ್ದನ್ನು ಬರೆಯಿರಿ.

## ಹಂತ 4: ಬಾಯಿ, ಹಲ್ಲು, ಗಂಟಲು ನೋಡಿ

ತರಕಾರಿ ಬೇಡ, ಮಾಂಸ ಬೇಡ ಅನ್ನುವುದು ಎಷ್ಟೋ ಸಲ ಹಟ ಅಲ್ಲ. ಹಲ್ಲಿನ ಸೆಟ್ ಸಡಿಲ ಆಗಿರುತ್ತದೆ, ಒಸಡು ನೋಯುತ್ತಿರುತ್ತದೆ, ಇಲ್ಲವೇ ಮಾತ್ರೆಗಳಿಂದ ಬಾಯಿ ಒಣಗಿ ರುಚಿಯೇ ತಿಳಿಯುತ್ತಿರುವುದಿಲ್ಲ. ಇದನ್ನು ಸರಿಮಾಡದೆ ಮೆನು ಬದಲಿಸುವುದು ದಂಡ.

ಗಂಟಲಿನ ವಿಷಯ ಇನ್ನೂ ಗಂಭೀರ. ನೀರು ಕುಡಿಯುವಾಗ ಕೆಮ್ಮು ಬರುತ್ತದೆಯಾ? ಊಟ ಆದ ಮೇಲೆ ದನಿ ಒದ್ದೆಯಾದ ಹಾಗೆ, ಗುರುಗುರು ಅನ್ನುವ ಹಾಗೆ ಕೇಳುತ್ತದೆಯಾ? ತುತ್ತು ಕೆನ್ನೆಯಲ್ಲೇ ಉಳಿದಿರುತ್ತದೆಯಾ? ಪದೇ ಪದೇ ಎದೆ ಸೋಂಕು ಆಗುತ್ತಿದೆಯಾ? ಹಾಗಿದ್ದರೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿರಬಹುದು. ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇದ್ದವರಲ್ಲಿ ಇದು ಸಾಮಾನ್ಯ. ಇಲ್ಲಿಗೇ ನಿಲ್ಲಿಸಿ, ನುಂಗುವ ಪರೀಕ್ಷೆ ಮಾಡುವ ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ನೀರನ್ನು ಎಷ್ಟು ಗಟ್ಟಿ ಮಾಡಬೇಕು, ಊಟ ಎಷ್ಟು ನುಣ್ಣಗಿರಬೇಕು ಅಂತ ಅವರು ಹೇಳಬೇಕು, ನೀವು ಊಹಿಸಬಾರದು. ಅಲ್ಲಿವರೆಗೆ ನೆಟ್ಟಗೆ ಕೂರಿಸಿ, ಚಿಕ್ಕ ತುತ್ತು ಕೊಡಿ, ಟಿವಿ ಆರಿಸಿ. ಊಟ ಆದ ಮೇಲೂ ಅರ್ಧ ಗಂಟೆ ಕೂತೇ ಇರಲಿ.

## ಹಂತ 5: ನೀರಿನ ಲೆಕ್ಕ

ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆಯಾಗುತ್ತದೆ. ಅದಕ್ಕೇ "ಬಾಯಾರಿದರೆ ಕುಡಿಯಲಿ ಬಿಡಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ನೀರು ಕಡಿಮೆಯಾದರೆ ತಲೆಸುತ್ತು, ಬೀಳುವುದು, ಮಲಬದ್ಧತೆ, ಮೂತ್ರದ ಸೋಂಕು, ಗೊಂದಲ ಎಲ್ಲ ಬರುತ್ತವೆ. ಹಿರಿಯರ ಪೋಷಣೆಗೆ ಯುರೋಪಿನ ಎಸ್ಪೆನ್ ಸಂಸ್ಥೆ ಕೊಟ್ಟಿರುವ ಲೆಕ್ಕದಲ್ಲಿ ಕುಡಿಯುವ ದ್ರವ ಹೆಂಗಸರಿಗೆ ದಿನಕ್ಕೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್. ಟೀ, ಕಾಫಿ, ಹಾಲೂ ಇದರಲ್ಲಿ ಸೇರಿವೆ.

ಆದರೆ ಈ ಲೆಕ್ಕ ಎಲ್ಲರಿಗೂ ಅಲ್ಲ. ಹೃದಯ ದುರ್ಬಲ ಇರುವವರಿಗೆ, ಡಯಾಲಿಸಿಸ್ ಆಗುತ್ತಿರುವವರಿಗೆ, ಸೋಡಿಯಂ ಕಡಿಮೆ ಇರುವ ಕೆಲವರಿಗೆ ಡಾಕ್ಟರ್ ಮಿತಿ ಹಾಕಿರಬಹುದು. ಮಿತಿ ಇದೆಯಾ ಇಲ್ಲವಾ ಅಂತ ಖಚಿತವಾಗಿ ಕೇಳಿ, ಲೀಟರ್ ಲೆಕ್ಕದಲ್ಲೇ ಕೇಳಿ. "ನೀರು ಕಡಿಮೆ ಕುಡಿಯಿರಿ" ಅಂದರೆ ಎಷ್ಟು ಅಂತ ಯಾರಿಗೆ ಗೊತ್ತು?

ಮಾಡುವ ವಿಧಾನ ಸರಳ. ಬೆಳಿಗ್ಗೆ ಜಗ್‌ನಲ್ಲಿ ಆ ದಿನದ ಪಾಲು ತುಂಬಿಡಿ. ಟೀ, ಹಾಲು, ಸೂಪ್ ಏನು ಕೊಟ್ಟರೂ ಅಷ್ಟೇ ನೀರನ್ನು ಜಗ್‌ನಿಂದ ಚೆಲ್ಲಿ ಅಥವಾ ಅಡುಗೆಗೆ ಬಳಸಿ. ಸಂಜೆ ನೋಡಿದರೆ ಎಷ್ಟು ಹೋಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಮಿತಿ ಇರುವವರಿಗೆ ಐಸ್, ಜೆಲ್ಲಿ, ತೆಳು ಸಾರು, ಮಜ್ಜಿಗೆ ಕೂಡ ನೀರೇ, ಲೆಕ್ಕ ಬಿಡಬೇಡಿ.

ರಾತ್ರಿ ಮೂತ್ರಕ್ಕೆ ಏಳಬೇಕಾಗುತ್ತದೆ ಅಂತ ಹಿರಿಯರು ಮಧ್ಯಾಹ್ನದಿಂದಲೇ ನೀರು ನಿಲ್ಲಿಸಿಬಿಡುತ್ತಾರೆ. ಬೈಯಬೇಡಿ, ಅವರ ಭಯ ನ್ಯಾಯವಾದದ್ದೇ. ದಿನದ ಮುಕ್ಕಾಲು ಪಾಲು ಸಂಜೆಯೊಳಗೆ ಮುಗಿಯುವ ಹಾಗೆ ಹಂಚಿ. ಊಟದ ಮಧ್ಯೆ ಒಂದೇ ಸಲ ದೊಡ್ಡ ಲೋಟ ಕೊಟ್ಟರೆ ಹೊಟ್ಟೆ ತುಂಬಿ ಊಟ ಕಡಿಮೆಯಾಗುತ್ತದೆ. ಮಧ್ಯೆ ಮಧ್ಯೆ ಸಣ್ಣ ಲೋಟ ಮೇಲು.

ಇನ್ನೊಂದು. ಕೈಚರ್ಮ ಚಿವುಟಿ ನೋಡುವ ಪರೀಕ್ಷೆ ಹಿರಿಯರಲ್ಲಿ ನಂಬುವ ಹಾಗಿಲ್ಲ. ಅವರ ಚರ್ಮ ಹೇಗೂ ಸಡಿಲ. ಮೂತ್ರದ ಬಣ್ಣವೂ ಮಾತ್ರೆಗಳಿಂದ ದಾರಿ ತಪ್ಪಿಸಬಹುದು.

## ಹಂತ 6: ಉಪ್ಪು

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ತಲೆತಟ್ಟಿದ ಒಂದು ಟೀ ಚಮಚದೊಳಗೆ. ಇದು ಇಡೀ ದಿನದ ಎಲ್ಲ ಆಹಾರ ಸೇರಿ.

"ಉಪ್ಪು ಕಮ್ಮಿ ಹಾಕ್ತೀವಿ" ಅನ್ನುವ ಮಾತು ಯಾವ ಮನೆಯಲ್ಲೂ ನಿಜ ಆಗಿರುವುದಿಲ್ಲ, ಯಾಕೆಂದರೆ ಯಾರೂ ಅಳೆದಿರುವುದಿಲ್ಲ. ಅಳೆಯಲು ಒಂದು ಸುಲಭ ದಾರಿ ಇದೆ. ಮನೆಯಲ್ಲಿ ಇಬ್ಬರು ಇದ್ದಾರೆ ಅನ್ನಿ. ಒಬ್ಬರಿಗೆ ದಿನಕ್ಕೆ 4 ಗ್ರಾಂ ಅಡುಗೆಗೆ, ಉಳಿದ 1 ಗ್ರಾಂ ಬ್ರೆಡ್, ಬಿಸ್ಕತ್‌ನಂಥ ಹೊರಗಿನದ್ದಕ್ಕೆ. ವಾರಕ್ಕೆ 4 × 2 × 7 = 56 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ 56 ಗ್ರಾಂ ತೂಗಿ ಒಂದು ಪುಟ್ಟ ಡಬ್ಬಿಗೆ ಹಾಕಿ, ಆ ವಾರ ಅದರಿಂದಲೇ ಬಳಸಿ. ಡಬ್ಬಿ ಬುಧವಾರವೇ ಖಾಲಿಯಾದರೆ ಎಷ್ಟು ತಿನ್ನುತ್ತಿದ್ದೀರಿ ಅಂತ ಗೊತ್ತಾಯಿತು. ಒಂದೇ ವಾರದಲ್ಲಿ ಇಳಿಸಲು ಹೋಗಬೇಡಿ, ಊಟವೇ ಬೇಡ ಅಂದುಬಿಡುತ್ತಾರೆ. ವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ. ನಿಂಬೆಹುಳಿ, ಮೆಣಸು, ಬೆಳ್ಳುಳ್ಳಿ, ಶುಂಠಿ, ಜೀರಿಗೆ ಈ ಹೊತ್ತಲ್ಲಿ ಕೈಹಿಡಿಯುತ್ತವೆ.

ಪ್ಯಾಕೆಟ್ ಮೇಲೆ ಸೋಡಿಯಂ ಅಂತ ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂ ತಿಂಡಿಯಲ್ಲಿ 600 ಮಿಲಿಗ್ರಾಂ ಸೋಡಿಯಂ ಇದ್ದರೆ 1.5 ಗ್ರಾಂ ಉಪ್ಪು, ಅದು ಜಾಸ್ತಿಯೇ. ಸೂಪ್ ಪುಡಿ, ಸಾಸ್, ಚೀಸ್, ಉಪ್ಪಿನಕಾಯಿ, ಡಬ್ಬಿ ಆಹಾರ ಇವೆಲ್ಲ ಗೊತ್ತಿರುವ ಕಳ್ಳರು. ಗೊತ್ತಿಲ್ಲದ ಕಳ್ಳ ಒಂದಿದೆ: ನೀರಿಗೆ ಹಾಕಿದರೆ ಬುರಬುರ ನೊರೆ ಬರುವ ಮಾತ್ರೆಗಳು. ಅವುಗಳಲ್ಲಿ ಬಹಳಷ್ಟಕ್ಕೆ ಸೋಡಿಯಂ ಸೇರಿರುತ್ತದೆ, ದಿನಕ್ಕೆ ನಾಲ್ಕೈದು ನುಂಗಿದರೆ ನಿಮ್ಮ ಡಬ್ಬಿಯ ಲೆಕ್ಕವೆಲ್ಲ ನೀರುಪಾಲು. ಕಲ್ಲುಪ್ಪು, ಗುಲಾಬಿ ಉಪ್ಪು, ಸಮುದ್ರದ ಉಪ್ಪು ಎಲ್ಲವೂ ಮುಖ್ಯವಾಗಿ ಸೋಡಿಯಂ ಕ್ಲೋರೈಡೇ.

ಎಚ್ಚರ: "ಕಡಿಮೆ ಸೋಡಿಯಂ ಉಪ್ಪು" ಅಂತ ಮಾರುವುದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ಚೆನ್ನಾಗಿರುವವರಿಗೆ ಇದರಿಂದ ಲಾಭ ಉಂಟು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪಿನ ಬಗ್ಗೆ ಸಲಹೆ ಹೊರಡಿಸಿದಾಗಲೂ ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟಿತು. ಹಂತ 1ರಲ್ಲಿ ಪೊಟ್ಯಾಸಿಯಂ ಏರಿಸುವ ಮಾತ್ರೆಗೆ ಕೆಂಪು ಗುರುತು ಹಾಕಿದ್ದರೆ ಡಾಕ್ಟರ್‌ನ ಕೇಳದೆ ಈ ಉಪ್ಪು ಮನೆಗೆ ತರಬೇಡಿ.

ಇನ್ನು, ರಿಪೋರ್ಟ್‌ನಲ್ಲಿ ಸೋಡಿಯಂ 135ಕ್ಕಿಂತ ಕೆಳಗಿದ್ದರೆ ನೀವಾಗಿಯೇ ಉಪ್ಪು ಕಡಿಮೆ ಮಾಡಲೂ ಬೇಡಿ, ಜಾಸ್ತಿ ಮಾಡಲೂ ಬೇಡಿ. ಕಾರಣ ಮಾತ್ರೆಯಲ್ಲೋ ನೀರಿನಲ್ಲೋ ಇರಬಹುದು, ಅದನ್ನು ಡಾಕ್ಟರ್ ಹುಡುಕಬೇಕು.

## ಹಂತ 7: ಪ್ರೋಟೀನ್ ಮತ್ತು ತೂಕ

ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುವುದು ಈಗಿನ ತಜ್ಞರ ಸಲಹೆ. 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು, 30 ಗ್ರಾಂ ಒಣ ಬೇಳೆಯಲ್ಲಿ ಸುಮಾರು 7, 100 ಗ್ರಾಂ ಬೇಯಿಸಿದ ಕೋಳಿಮಾಂಸದಲ್ಲಿ 25ಕ್ಕಿಂತ ಜಾಸ್ತಿ. ಹಂತ 3ರ ಆ ಪುಟಕ್ಕೆ ವಾಪಸ್ ಹೋಗಿ ಕೂಡಿ ನೋಡಿ, ಎಷ್ಟು ಕೊರತೆ ಅಂತ ಗೊತ್ತಾಗುತ್ತದೆ.

ಎಲ್ಲವನ್ನೂ ಮಧ್ಯಾಹ್ನದ ಊಟಕ್ಕೇ ತುಂಬಬೇಡಿ. ಮೂರು ಹೊತ್ತಿಗೂ ಹಂಚಿ, ಅದರಲ್ಲೂ ಬೆಳಗಿನ ತಿಂಡಿಗೆ. ತಟ್ಟೆಯಲ್ಲಿ ಪ್ರೋಟೀನ್ ಮೊದಲು ತಿನ್ನಲಿ, ಹೊಟ್ಟೆ ತುಂಬಿದರೂ ಬೇಕಾದದ್ದು ಒಳಗೆ ಹೋಗಿರುತ್ತದೆ. ಹಸಿವು ಕಡಿಮೆ ಇರುವವರಿಗೆ ಊಟದ ಗಾತ್ರ ಹೆಚ್ಚಿಸುವುದಕ್ಕಿಂತ ಅದೇ ಬಟ್ಟಲನ್ನು ಗಟ್ಟಿ ಮಾಡಿ. ಗಂಜಿಗೆ ಹಾಲಿನ ಪುಡಿ, ಸೂಪ್‌ಗೆ ಮೊಟ್ಟೆ ಅಥವಾ ಅರೆದ ಬೇಳೆ, ಮೇಲೆ ಒಂದು ಚಮಚ ಎಣ್ಣೆ ಅಥವಾ ಬೆಣ್ಣೆ.

ಕಿಡ್ನಿ ತೊಂದರೆ ಇದ್ದರೆ? ಇಲ್ಲೇ ಜನ ಅತಿ ಮಾಡುವುದು. ಡಯಾಲಿಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಹೇಳುವುದು ಕಿಲೋಗೆ 0.8 ಗ್ರಾಂ. 60 ಕಿಲೋಗೆ 48 ಗ್ರಾಂ ಆಯಿತು, ಅದು ಸೊನ್ನೆ ಅಲ್ಲವಲ್ಲ! ಸೊರಗಿದ ಹಿರಿಯರಿಗೆ ಅದಕ್ಕಿಂತ ಜಾಸ್ತಿಯೂ ಬೇಕಾಗಬಹುದು ಅಂತ ಕಿಡ್ನಿ ತಜ್ಞರ ಮಾರ್ಗಸೂಚಿಯೇ ಹೇಳುತ್ತದೆ. ಡಯಾಲಿಸಿಸ್ ಶುರುವಾದ ಮೇಲಂತೂ ಲೆಕ್ಕ ಮತ್ತೆ 1ರಿಂದ 1.2ಕ್ಕೆ ಏರುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಹಳೇ ಪಟ್ಟಿಯೇ ಮುಂದುವರಿಯುತ್ತಿರುತ್ತದೆ.

ತೂಕ ವಾರಕ್ಕೊಮ್ಮೆ ಬರೆಯಿರಿ. 6ರಿಂದ 12 ತಿಂಗಳಲ್ಲಿ ಬೇಕಂತ ಅಲ್ಲದೆ 5 ಶೇಕಡಾ ಇಳಿದರೆ, ಅಂದರೆ 60 ಕಿಲೋದವರು 57ಕ್ಕೆ ಬಂದರೆ, ಡಾಕ್ಟರ್‌ಗೆ ಹೇಳಲೇಬೇಕು. "ಶುಗರ್ ಕಂಟ್ರೋಲ್ ಆಯ್ತು, ತೂಕನೂ ಇಳೀತು" ಅಂತ ಖುಷಿಪಡುವ ವಿಷಯ ಅಲ್ಲ.

## ಹಂತ 8: ಶುಗರ್, ಮೊದಲು ಕೆಳಗೆ ಬೀಳದ ಹಾಗೆ

ಹಿರಿಯರಲ್ಲಿ 250 ನೋಡಿ ಗಾಬರಿಯಾಗುವ ಮನೆಯವರು 65 ನೋಡಿ "ಅಬ್ಬಾ, ಚೆನ್ನಾಗಿ ಕಂಟ್ರೋಲ್ ಇದೆ" ಅನ್ನುತ್ತಾರೆ. ಉಲ್ಟಾ ಆಗಬೇಕು. 70ಕ್ಕಿಂತ ಕೆಳಗೆ ಹೋದರೆ ಆ ಕ್ಷಣವೇ ಅಪಾಯ. ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು, ಹೃದಯದ ಬಡಿತ ಏರುಪೇರಾಗಬಹುದು. ಹಲವು ಕಾಯಿಲೆ ಇರುವ ಹಿರಿಯರಿಗೆ ಎಚ್‌ಬಿಎ1ಸಿ ಗುರಿಯನ್ನು 8ರ ಒಳಗೆ ಅಂತ ಸಡಿಲ ಮಾಡುವುದು ಇದೇ ಕಾರಣಕ್ಕೆ. ನಿಮ್ಮವರ ಗುರಿ ಎಷ್ಟು ಅಂತ ಕೇಳಿ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆಯಿರಿ.

ಶುಗರ್ ಕುಸಿದಾಗ ಕೈ ನಡುಕ, ಎದೆ ಡವಡವ ಬರುತ್ತದೆ ಅಂತ ಕಾಯಬೇಡಿ. ಹಿರಿಯರಲ್ಲಿ ಅದು ಗೊಂದಲ, ತೊದಲು ಮಾತು, ಸಿಡುಕು, ಮಂಪರಾಗಿ ಕಾಣಿಸಬಹುದು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನಡೆಯುತ್ತಿದ್ದರೆ ಎದೆಬಡಿತ ಗೊತ್ತೇ ಆಗುವುದಿಲ್ಲ, ಬೆವರು ಮಾತ್ರ ಬರಬಹುದು. ಅನುಮಾನ ಬಂದರೆ ಮೊದಲು ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲುಕೋಸ್ ಪುಡಿ ಅಥವಾ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಸರಿಯಾದ ಮೇಲೆ ಏನಾದರೂ ತಿನ್ನಿಸಿ. ಅಕಾರ್ಬೋಸ್ ಅಥವಾ ವೊಗ್ಲಿಬೋಸ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲುಕೋಸೇ ಬೇಕು. ಕಿಡ್ನಿ ತೊಂದರೆ ಇರುವವರಿಗೂ ಹಣ್ಣಿನ ರಸಕ್ಕಿಂತ ಗ್ಲುಕೋಸ್ ಮೇಲು, ರಸದಲ್ಲಿ ಪೊಟ್ಯಾಸಿಯಂ ಇರುತ್ತದೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ಆ್ಯಂಬುಲೆನ್ಸ್ ಕರೆಯಿರಿ.

ಇಷ್ಟು ಗಟ್ಟಿಯಾದ ಮೇಲೆ ಜಾಸ್ತಿ ಶುಗರ್ ಕಡೆ ಬನ್ನಿ. ಮೊದಲು ಕುಡಿಯುವ ಸಿಹಿ ಕಡಿಮೆ ಮಾಡಿ: ಜ್ಯೂಸ್, ಕೂಲ್‌ಡ್ರಿಂಕ್, ದಿನಕ್ಕೆ ಐದಾರು ಸಲದ ಸಕ್ಕರೆ ಟೀ. ಹಣ್ಣನ್ನು ಹಣ್ಣಾಗಿಯೇ ತಿನ್ನಲಿ. ಆಮೇಲೆ ಅನ್ನ, ಬ್ರೆಡ್‌ನ ಪ್ರಮಾಣ. ತರಕಾರಿ, ಪ್ರೋಟೀನ್ ಮೊದಲು ತಿಂದು ಅನ್ನ ಕೊನೆಗೆ ತಿಂದರೆ ಊಟದ ನಂತರದ ಏರಿಕೆ ಸ್ವಲ್ಪ ತಗ್ಗುತ್ತದೆ. ಬಿಸ್ಕತ್ ತೆಗೆಯುವ ದಿನವೇ ಅದರ ಜಾಗಕ್ಕೆ ಇನ್ನೇನಾದರೂ ಇಟ್ಟಿರಬೇಕು. ಖಾಲಿ ಬಿಡಬೇಡಿ.

## ಹಂತ 9: ಪೊಟ್ಯಾಸಿಯಂ, ರಿಪೋರ್ಟ್ ಹೇಳಿದರೆ ಮಾತ್ರ

ಕಿಡ್ನಿ ಅಂದ ಕೂಡಲೇ ಹಣ್ಣು-ತರಕಾರಿ ಎಲ್ಲ ಬಂದ್ ಮಾಡುವುದು ಬೇಡ. ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿ ಇದೆ ಅಂತ ಡಾಕ್ಟರ್ ಹೇಳಿದರೆ ಮಾತ್ರ ಈ ಹಂತ. ಆಲೂಗಡ್ಡೆ, ಟೊಮೆಟೊ, ಪಾಲಕ್, ಬಾಳೆಹಣ್ಣು, ಕಿತ್ತಳೆ, ಒಣಹಣ್ಣುಗಳಲ್ಲಿ ಅದು ಜಾಸ್ತಿ. ಸೇಬು, ಪೇರ್, ಅನಾನಸ್‌ನಲ್ಲಿ ಕಡಿಮೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ. ಒಳ್ಳೇ ಸತ್ವ ಅಂತ ಅದನ್ನೇ ಸೂಪ್ ಮಾಡಿದರೆ ತೆಗೆದ ಪೊಟ್ಯಾಸಿಯಂ ಎಲ್ಲ ವಾಪಸ್ ಹೊಟ್ಟೆಗೆ. ಸ್ಟಾರ್ ಫ್ರೂಟ್ ಮಾತ್ರ ಕಿಡ್ನಿ ತೊಂದರೆ ಇರುವವರು ಒಂದು ಹೋಳೂ ತಿನ್ನಬಾರದು. ಅದರಲ್ಲಿನ ವಿಷಾಂಶ ಮೆದುಳಿಗೆ ಏರಿ ಬಿಕ್ಕಳಿಕೆ, ಗೊಂದಲ, ಫಿಟ್ಸ್‌ವರೆಗೂ ಹೋಗಬಹುದು.

## ಹಂತ 10: ಮಾತ್ರೆ ಮತ್ತು ಊಟದ ಸಮಯ ಹೊಂದಿಸಿ

ಥೈರಾಯ್ಡ್‌ನ ಲೆವೊಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಅಂತರ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ಅದರಿಂದ ನಾಲ್ಕು ಗಂಟೆ ದೂರ ಇರಬೇಕು. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಿದರೆ ಅರ್ಧಕ್ಕರ್ಧ ದಂಡ ಅಂದುಕೊಳ್ಳಿ.

ಮೂಳೆಗೆ ಕೊಡುವ ಅಲೆಂಡ್ರೊನೇಟ್ ಒಂದು ತುಂಬು ಲೋಟ ನೀರಿನ ಜೊತೆ. ನುಂಗಿದ ಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ತಿನ್ನುವ ಹಾಗೂ ಇಲ್ಲ. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಸಿಪ್ರೊಫ್ಲೊಕ್ಸಾಸಿನ್ ಆ್ಯಂಟಿಬಯಾಟಿಕ್ ಹಾಲಿನ ಜೊತೆ ಬೇಡ. ಗ್ರೇಪ್‌ಫ್ರೂಟ್ ರಸ ಕೊಲೆಸ್ಟರಾಲ್ ಮಾತ್ರೆಗಳಾದ ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ಮತ್ತು ಕೆಲವು ಬಿಪಿ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ನಿದ್ದೆ ಮಾತ್ರೆ ಇದ್ದ ಕಡೆ ಮದ್ಯ ಬೇಡವೇ ಬೇಡ.

ವಾರ್ಫರಿನ್ ಇದ್ದವರಿಗೆ "ಸೊಪ್ಪು ಮುಟ್ಟಬೇಡಿ" ಅನ್ನುವುದು ತಪ್ಪು ಸಲಹೆ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ವಿರುದ್ಧ ಕೆಲಸ ಮಾಡುತ್ತದೆ, ನಿಜ. ಆದರೆ ಮಾತ್ರೆಯ ಡೋಸ್ ಅವರ ಮಾಮೂಲಿ ಊಟ ನೋಡಿಯೇ ಹೊಂದಿಸಿರುತ್ತಾರೆ. ಸೊಪ್ಪು ಒಮ್ಮೆಲೇ ಬಿಟ್ಟರೆ ರಕ್ತ ತೀರಾ ತೆಳುವಾಗಿ ಸ್ರಾವ ಆಗಬಹುದು, ಒಮ್ಮೆಲೇ ಜಾಸ್ತಿ ತಿಂದರೆ ಹೆಪ್ಪುಗಟ್ಟಬಹುದು. ವಾರ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಲಿ.

## ಹಂತ 11: ಒಂದು ಸಲಕ್ಕೆ ಒಂದೇ ಬದಲಾವಣೆ

ಒಂದು ಬದಲಾವಣೆ ಮಾಡಿ ಎರಡು ವಾರ ನೋಡಿ. ಬಿಪಿ, ಶುಗರ್, ತೂಕ, ಮಲ ವಿಸರ್ಜನೆ, ಹಸಿವು ಬರೆಯುತ್ತಾ ಹೋಗಿ. ಹೊಂದಿತಾ, ಮುಂದಿನದು. ಉಪ್ಪೂ ಇಳಿಸಿ, ಅನ್ನವೂ ಕಡಿಮೆ ಮಾಡಿ, ನಾರಿನಂಶವೂ ಏರಿಸಿದ ವಾರ ಹೊಟ್ಟೆ ಉಬ್ಬರಿಸಿದರೆ ಯಾವುದರಿಂದ ಅಂತ ಹೇಗೆ ಹೇಳುತ್ತೀರಿ? ಉಪ್ಪು, ಅನ್ನ ಇಳಿಸಿದಾಗ ಬಿಪಿ, ಶುಗರ್ ಮಾತ್ರೆಯ ಡೋಸ್ ಕೂಡ ಇಳಿಸಬೇಕಾಗಬಹುದು, ಅದಕ್ಕೂ ಈ ನೋಟ್‌ಬುಕ್ ಬೇಕು.

## ಪದೇ ಪದೇ ಆಗುವ ತಪ್ಪುಗಳು

ನಾರಿನಂಶ ಏರಿಸಿ ನೀರು ಏರಿಸದಿರುವುದು. ಮಲಬದ್ಧತೆ ಇನ್ನೂ ಕೆಡುತ್ತದೆ.

ಯೂರಿಕ್ ಆ್ಯಸಿಡ್‌ಗೆ ಹೆದರಿ ಬೇಳೆಕಾಳು ನಿಲ್ಲಿಸುವುದು. ಗೌಟ್‌ಗೆ (ಯೂರಿಕ್ ಆ್ಯಸಿಡ್‌ನಿಂದ ಬರುವ ಕೀಲುನೋವಿಗೆ) ಬಿಯರ್ ಮತ್ತಿತರ ಮದ್ಯ, ಲಿವರ್-ಕಿಡ್ನಿಯಂಥ ಅಂಗಾಂಗ ಮಾಂಸ, ಸಿಹಿ ಪಾನೀಯ ಇವು ಮುಖ್ಯ ಶತ್ರುಗಳು. ದೊಡ್ಡ ಅಧ್ಯಯನಗಳಲ್ಲಿ ಬೇಳೆಕಾಳಿಗೂ ಗೌಟ್‌ಗೂ ಅಂಥ ನಂಟು ಕಂಡಿಲ್ಲ.

ಭಾರೀ ಊಟ ಮಾಡಿಸಿ ತಕ್ಷಣ ಎದ್ದು ಓಡಾಡಿಸುವುದು. ಕೆಲವು ಹಿರಿಯರಲ್ಲಿ ಊಟದ ನಂತರ ಎರಡು ಗಂಟೆಯೊಳಗೆ ಬಿಪಿ ಕುಸಿಯುತ್ತದೆ. ಊಟದ ನಂತರವೇ ತಲೆಸುತ್ತು ಬರುತ್ತಿದ್ದರೆ ಆ ಹೊತ್ತಿಗೆ ಬಿಪಿ ನೋಡಿ. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಸಹಾಯ ಮಾಡುತ್ತದೆ.

ಎದೆಯುರಿ ಇರುವವರಿಗೆ ರಾತ್ರಿ ಊಟ ಬಡಿಸಿ ಅರ್ಧ ಗಂಟೆಗೆ ಮಲಗಿಸುವುದು. ಎರಡು-ಮೂರು ಗಂಟೆ ಅಂತರ ಬೇಕು.

ಇನ್ನು, ಅವರೊಬ್ಬರಿಗೇ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡಿ ಬೇರೆ ಹೊತ್ತಿಗೆ ಬಡಿಸುವುದು. ಒಂಟಿಯಾಗಿ ಕೂತು ಯಾರು ತಾನೇ ಹೊಟ್ಟೆ ತುಂಬಾ ತಿನ್ನುತ್ತಾರೆ? ಇಡೀ ಮನೆಯ ಉಪ್ಪು ಇಳಿಸಿ, ಎಲ್ಲರೂ ಒಟ್ಟಿಗೆ ತಿನ್ನಿ. ಮನೆಯ ಉಳಿದವರ ಬಿಪಿಗೂ ಅದರಿಂದ ನಷ್ಟವೇನಿಲ್ಲ.

## ಇವು ಕಂಡರೆ ಊಟ ಬದಲಿಸುತ್ತಾ ಕೂರಬೇಡಿ, ಡಾಕ್ಟರ್‌ಗೆ ತೋರಿಸಿ

- ಹೃದಯದ ತೊಂದರೆ ಇರುವವರ ತೂಕ 3 ದಿನದಲ್ಲಿ 2 ಕಿಲೋ ಏರುವುದು, ಕಾಲು ಊತ, ಮಲಗಿದರೆ ಉಸಿರು ಕಟ್ಟುವುದು. ಇವರ ತೂಕ ಮಾತ್ರ ದಿನಾ ನೋಡಬೇಕು: ಬೆಳಿಗ್ಗೆ ಎದ್ದು ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು.
- ನಿನ್ನೆ ಇಲ್ಲದ ಗೊಂದಲ ಇವತ್ತು ಕಾಣಿಸುವುದು.
- ಕೈಕಾಲು ತೀರಾ ಸೋಲುವುದು, ಎದೆಬಡಿತ ತಪ್ಪುವುದು, ಅದರಲ್ಲೂ ಕಿಡ್ನಿ ತೊಂದರೆ ಇದ್ದವರಲ್ಲಿ.
- ಕಪ್ಪು ಡಾಂಬರಿನಂಥ ಮಲ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟು ಮತ್ತು ಕೆಟ್ಟ ವಾಸನೆ ಇದ್ದರೆ ರಕ್ತ ಇರಬಹುದು.
- ನುಂಗುವಾಗ ಸಿಕ್ಕಿಹಾಕಿಕೊಳ್ಳುವುದು ದಿನದಿಂದ ದಿನಕ್ಕೆ ಜಾಸ್ತಿಯಾಗುವುದು.

## ಹುಷಾರಿಲ್ಲದ ದಿನಕ್ಕೆ ಬೇರೆ ನಿಯಮ

ವಾಂತಿ, ಭೇದಿ, ಜ್ವರ ಬಂದು ಊಟ-ನೀರು ಸೇರದ ದಿನ ಮೇಲಿನ ಪ್ಲಾನ್ ಅಷ್ಟನ್ನೂ ಪಕ್ಕಕ್ಕಿಡಿ. ಅಂಥ ದಿನ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ, ರಾಮಿಪ್ರಿಲ್-ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ, ಮೆಟ್‌ಫಾರ್ಮಿನ್, ಎಂಪಾಗ್ಲಿಫ್ಲೊಜಿನ್-ಡಾಪಾಗ್ಲಿಫ್ಲೊಜಿನ್ ಗುಂಪಿನ ಶುಗರ್ ಮಾತ್ರೆ ಇವನ್ನು ಎಂದಿನಂತೆ ಮುಂದುವರಿಸಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು, ದೇಹದಲ್ಲಿ ಆಮ್ಲ ಏರಬಹುದು. ನೋವಿನ ಮಾತ್ರೆಗಳಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ಆ ದಿನ ಮುಟ್ಟಲೇಬೇಡಿ. ಗ್ಲಿಮೆಪಿರೈಡ್ ನುಂಗಿ ಊಟ ಮಾಡದಿದ್ದರೆ ಶುಗರ್ ಕುಸಿಯುತ್ತದೆ. ಇನ್ಸುಲಿನ್ ಮಾತ್ರ ಪೂರ್ತಿ ನಿಲ್ಲಿಸುವ ಹಾಗಿಲ್ಲ, ಡೋಸ್ ಕೇಳಬೇಕು.

ಇದನ್ನು ಆ ದಿನ ರಾತ್ರಿ ಫೋನ್ ಮಾಡಿ ಕೇಳಲು ಕಾಯಬೇಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗಲೇ ಹಂತ 1ರ ಪಟ್ಟಿ ಮುಂದಿಟ್ಟು, "ವಾಂತಿ-ಭೇದಿ ಆದರೆ ಇದರಲ್ಲಿ ಯಾವುದು ನಿಲ್ಲಿಸಬೇಕು, ಯಾವುದು ಮುಂದುವರಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು?" ಅಂತ ಕೇಳಿ. ಪ್ರತಿ ಮಾತ್ರೆಯ ಮುಂದೆ ಅವರಿಂದಲೇ ಗುರುತು ಹಾಕಿಸಿಕೊಳ್ಳಿ. ಆ ಹಾಳೆಯನ್ನು ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡಿ.